ಹಿತ್ತಾಳಿ ಗಾಲಿ

ತಾರಿಹಾಳದ ನನ್ನ ಶೆಡ್ಡಿಗೆ
ಮಂಗಳವಾರ ಕಾಲೇಜಿನ ಇಬ್ಬರು ಬಂದ್ರು.
ತಸ್ಲೀಮ ಸವಣೂರ, ಮತ್ತ ಹೆಸರು ಹೇಳದ ಒಬ್ಬ ಹುಡುಗ.
ಹಳೇ ಚಾದರದಾಗ ಕೂಸಿನಂಗ ಸುತ್ತಿ ತಂದಿದ್ರು
ಎರಡು ಕಾಲಿನ ಒಂದು ಯಂತ್ರ.
ತಲಿ ಇಲ್ಲ, ಕೈ ಇಲ್ಲ,
ಟೊಂಕದ ಮ್ಯಾಲೆ ಒಂದು ಖಾಲಿ ಗೂಡು.

'ಕಾಕಾ, ಈ ಗೂಡಿನಾಗ ಗಾಲಿ ಬೇಕು.
ಹಿತ್ತಾಳಿದು. ನಿಮಿಷಕ್ಕ ಆರು ಸಾವಿರ ಸುತ್ತು.
ನಡುಗಬಾರದು.'
ಯಾಕ ಅಂದೆ.
'ಬೀಳತೈತಿ ಕಾಕಾ. ಕಾಲು ಎತ್ತಿದ್ರ ಸಾಕು, ಬೀಳತೈತಿ.'

ಬೀಳೋದು ನನಗ ಹೊಸಾದಲ್ಲ.
ಫಕ್ಕೀರವ್ವ ಹೋದ ಯುಗಾದಿಯಿಂದ
ಗ್ವಾಡಿ ಹಿಡದು ನಡೀತಾಳ.
ಕಿವಿ ಡಾಕ್ಟ್ರು ಬ್ಯಾಟ್ರಿ ಬಿಟ್ಟು ನೋಡಿ ಹೇಳಿದ್ರು:
ಒಳಗ ಮೂರು ಸಣ್ಣ ಬಳಿ ಇರತಾವ, ಬಳಿಯೊಳಗ ನೀರು.
ತಲಿ ವಾಲಿದ್ರ ನೀರು ಸುದ್ದಿ ಮುಟ್ಟಸತೈತಿ.
ಇವರ ನೀರು ಸುಳ್ಳು ಹೇಳಾಕ ಹತ್ತೈತಿ.
ಅಕಿ ನಕ್ಕಳು:
'ನಳದ ನೀರು ಎಂಟು ದಿನಕ್ಕೊಮ್ಮೆ ಬರತೈತಿ,
ಇನ್ನ ಕಿವ್ಯಾಗಿನ ನೀರರ ಯಾಕ ನೆಟ್ಟಗಿರಬೇಕು?'

ಹಿತ್ತಾಳಿ ತುಂಡು ಲೇಥಿಗೆ ಹಿಡದೆ.
ಚೂರು ಜಿಲೇಬಿಯಂಗ ಸುರುಳಿ ಸುರುಳಿ ಬಿತ್ತು,
ಅಂಗಿ ಕಿಸೆದಾಗ, ಹುಬ್ಬಿನ ಮ್ಯಾಲೆ.
ಎರಡು ಪಟ್ಟಿ ಮ್ಯಾಲೆ ಗಾಲಿ ಉರುಳಾಕ ಬಿಟ್ಟೆ:
ಭಾರ ಇದ್ದ ಮಗ್ಗಲು ಕೆಳಗ ಬಂದು ನಿಂತು
ತನ್ನ ತಪ್ಪು ತಾನ ತೋರಸತೈತಿ.
ಅಲ್ಲೊಂದು ತೂತು ಕೊರದೆ. ಮತ್ತ ಉರುಳಿಸಿದೆ. ಮತ್ತ ಕೊರದೆ.
ಚಾ ಆರಿತು.

ಗುರುವಾರ ಗೂಡಿನಾಗ ಕೂಡ್ರಿಸಿ ಕರೆಂಟು ಕೊಟ್ಟೆವು.
ಸಣ್ಣದೊಂದು ಗುಂಯ್.
ಬಗರಿ ನಿಂತಲ್ಲೇ ನಿದ್ದಿ ಹೋದಾಗ
ಕಿವಿ ಹಚ್ಚಿ ಕೇಳತಿದ್ದೆವಲ್ಲ, ಅಂಥಾದು.
ಯಂತ್ರದ ಭುಜ ಇರಬೇಕಾದ ಜಾಗಾ ಬೆರಳಿಂದ ನೂಕಿದೆ.
ನೂಕಿದ ಕಡೆ ಹೋಗಲಿಲ್ಲ.
ಬಗಲಿಗೆ ತಿರುಗಿತು, ಮಾತು ಬಿಟ್ಟ ಭಾಗಾದಿಯವರಂಗ,
ಮತ್ತ ನೆಟ್ಟಗ ನಿಂತಿತು.
ಹುಡುಗ ಚಪ್ಪಾಳಿ ತಟ್ಟಿದ.

ನಡಿ ಅಂದ್ರ ನಡೀಲಿಲ್ಲ.
ಎಡಗಾಲು ಎತ್ತಬೇಕಂದ್ರ ಬಲಕ್ಕ ವಾಲಬೇಕು,
ವಾಲಾಕ ಗಾಲಿ ಬಿಡವಲ್ದು.
ಮೋಟರು ತಿಣಕಿತು, ಬಿಸಿ ಆತು, ವಾಸನಿ ಬಂತು.
ತಸ್ಲೀಮ ಆಯಿಲ್ ಡಬ್ಬಿ ಮ್ಯಾಲೆ ಕುಂತಳು,
ಭಾಳ ಹೊತ್ತು ಉಗುರು ಕಡದಳು.
'ಕಾಕಾ, ತಪ್ಪು ತಿಳೀಬ್ಯಾಡ್ರಿ.
ಗಾಲಿ ಭಾಳ ಚಲೋ ಆಗೈತಿ.'

ಇಪ್ಪತ್ತೆಂಟು ವರ್ಷದಾಗ
ಚಲೋ ಆತಂತ ಮಾಲು ವಾಪಸ್ ಕೊಟ್ಟವರು
ಇವರ ಮೊದಲು.
ಸಿಟ್ಟು ಬಂತು. ಆದರೂ ಹಿಡದೆ ಲೇಥಿಗೆ.
ಅರ್ಧಕ್ಕರ್ಧ ಕೆತ್ತಿದೆ, ಅಂಚು ಚಪಾತಿಯಷ್ಟು ತೆಳುವು.
ಸುತ್ತು ಇಳಿಸಿದ್ರು. ಮತ್ತಷ್ಟು ಕೆತ್ತಿದೆ.
ಸಂಜಿಗೆ ನನ್ನ ಕೈಯಾಗ ಉಳಿದದ್ದು
ಗಾಲಿ ಅನ್ನಾಕ ನಾಚಿಕಿ ಆಗುವಂಥಾದ್ದು.

ವಾಲಿತು.
ಬಿತ್ತಂತ ನಾನು ಕೈ ಒಡ್ಡಿದೆ,
'ಮುಟ್ಟಬ್ಯಾಡ್ರಿ!' ಅಂತ ಹುಡುಗಿ ಚೀರಿದಳು.
ಬೀಳುವ ನಡುದಾರ್ಯಾಗ
ಕಾಲು ಹೋಗಿ ಮುಂದ ಊರಿತು.
ಮತ್ತ ವಾಲಿತು, ಮತ್ತ ಊರಿತು.
ನಾಲ್ಕು ಹೆಜ್ಜಿ. ಐದನೇದಕ್ಕ ಪಾನಾದ ಡಬ್ಬಿಗೆ ಡಿಕ್ಕಿ ಹೊಡದು
ಮಾರಿ ಇಲ್ಲದ್ದು ಮಾರಿ ಕೆಳಗಾಗಿ ಬಿತ್ತು.
ಇಬ್ಬರೂ ನೆಲದ ಮ್ಯಾಲೆ ಕುಂತು ನಗಾಕ ಹತ್ತಿದ್ರು.

ರೊಕ್ಕ ಅರ್ಧ ಕೊಟ್ಟು ಹೋದ್ರು. ಇರಲಿ.

ರಾತ್ರಿ ಹನ್ನೊಂದಕ್ಕ ಕತ್ತಲದಾಗ
ಫಕ್ಕೀರವ್ವ ಎದ್ದು ಕುಂತಳು:
'ನಳ ಉಸಿರು ಬಿಡಾಕ ಹತ್ತೈತಿ, ಕೇಳ್ರಿ.'
ನನಗ ಏನೂ ಕೇಳಸಲಿಲ್ಲ.
ಅಕಿ ಗ್ವಾಡಿ ಹಿಡದು ಬಾಗಿಲ ತನಕ ಬಂದಳು.
ಬಾಗಿಲಿಂದ ನಳಕ್ಕ ಮೂರು ಮಾರು, ನಡುವ ಏನೂ ಇಲ್ಲ.
ದಿನಾ ಅಲ್ಲಿ ನನ್ನ ಮೊಣಕೈ ಇರತೈತಿ.
ಚಾಚಿದೆ.
ಮತ್ತ ಹಿಂದಕ್ಕ ತಗೊಂಡೆ.

'ಎಲ್ಲಿ ಅದಿರಿ?'
ಇಲ್ಲೇ ಅದೀನಿ, ಅಂದೆ.
ಅಕಿ ಬಲಕ್ಕ ವಾಲಿದಳು.
ಕೊಡ ಉರುಳಿ ಅಂಗಳದ ತುಂಬ ಸಪ್ಪಳ,
ಬಾಜೂ ಮನಿಯ ನಾಯಿ ಬೊಗಳಿತು,
ನೀರು ಬಂತು.